ಪ್ರತಿ ಮಾಡುವ ಕೈ

ಹೈದರಾಬಾದಿನಿಂದ ಪುಣೆಯ ಕಡೆಗೆ ಸಾಗುವ ಹೆದ್ದಾರಿಯು ಜಹೀರಾಬಾದನ್ನು ಬಿಟ್ಟು ಕರ್ನಾಟಕವನ್ನು ಪ್ರವೇಶಿಸಿದ ಮೇಲೆ ಸಿಗುವ ಊರುಗಳಲ್ಲಿ ಮನ್ನಾಏಖೇಳ್ಳಿಯೂ ಒಂದು. ಅಲ್ಲಿಂದ ಪಶ್ಚಿಮಕ್ಕೆ ಹುಮನಾಬಾದು. ಅದನ್ನು ದಾಟಿ ಮುಂದೆ ಹೋದರೆ ಬಸವಕಲ್ಯಾಣ. ಬೀದರ ಜಿಲ್ಲೆಯ ಈ ಸೀಮೆಯಲ್ಲಿ ಕನ್ನಡದ ಜೊತೆಗೆ ಉರ್ದು, ಮರಾಠಿ, ತೆಲುಗು ನುಡಿಗಳೂ ಕಿವಿಗೆ ಬೀಳುತ್ತವೆ. ಇಲ್ಲಿಯ ಅನೇಕ ಮನೆಗಳಲ್ಲಿ ಅಲಮಾರಿಯ ಕೆಳಗಿನ ಅರೆಯಲ್ಲಿ, ಲಗ್ನದ ಸೀರೆಯ ಮಡಿಕೆಗಳ ಅಡಿಯಲ್ಲಿ, ಒಂದು ಪ್ಲಾಸ್ಟಿಕ್ ಡಬ್ಬಿ ಇರುವುದುಂಟು. ಅದರೊಳಗೆ ಕಾಮನಬಿಲ್ಲಿನ ಬಣ್ಣಗಳಿಂದ ಹೊಳೆಯುವ ಎರಡೋ ಮೂರೋ ತಟ್ಟೆಗಳು. ಅವುಗಳ ಬೆನ್ನಿನ ಮೇಲೆ ವಧೂವರರ ಹೆಸರು ಮತ್ತು ತಾರೀಖು. ಜನರು ಇವನ್ನು ‘ಲಗ್ನದ ಸಿ.ಡಿ.’ ಎಂದು ಕರೆಯುತ್ತಾರೆ.

ಇಂತಹ ಮನೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಮನೆಯ ಹಿರಿಯ ಮಗಳ ಲಗ್ನ 2004ರಲ್ಲಿ ನಡೆಯಿತು. ಆಗ ತೆಗೆಸಿದ ವಿಡಿಯೊ ಮೂರು ತಟ್ಟೆಗಳಲ್ಲಿ ತುಂಬಿತ್ತು. ಇಪ್ಪತ್ತು ವರ್ಷಗಳು ಕಳೆದ ಮೇಲೆ ಒಂದು ದಿನ, ಹತ್ತನೆಯ ತರಗತಿಯಲ್ಲಿ ಓದುವ ಮೊಮ್ಮಗಳು ಅಜ್ಜಿಯ ಮನೆಗೆ ಬಂದವಳು ಕುತೂಹಲದಿಂದ ಆ ಡಬ್ಬಿಯನ್ನು ತೆರೆದಳು. ಮೊದಲನೆಯ ತಟ್ಟೆ ಓಡಿತು. ಎರಡನೆಯದು ಸ್ವಲ್ಪ ದೂರ ಓಡಿ, ಚಿತ್ರ ಚೌಕಚೌಕವಾಗಿ ಒಡೆದು, ನಿಂತುಬಿಟ್ಟಿತು.

“ಅವ್ವಾ, ಇದು ಮುಂದ ನಡೀವಲ್ದು. ಚಿತ್ರ ನಿಂತೇ ಬಿಟ್ಟದ” ಎಂದಳು ಹುಡುಗಿ.

“ಒರಸಿ ಮತ್ತೊಮ್ಮೆ ಹಾಕವ್ವಾ. ಅದರಾಗ ನಿಮ್ಮಾಯಿ ಹಾಡ್ಯಾಳ” ಎಂದಳು ತಾಯಿ.

ಆಯಿ ತೀರಿಕೊಂಡು ಒಂಬತ್ತು ವರ್ಷಗಳಾಗಿದ್ದವು. ಸುರಗಿಯ ದಿನ ಆಕೆ ಅರಿಶಿಣದ ಕೈಯನ್ನು ಸೆರಗಿಗೆ ಒರಸಿಕೊಂಡು ಹಾಡಿದ ಒಂದು ಸೋಬಾನೆ ಪದವು ಆ ತಟ್ಟೆಯಲ್ಲಿ ಇತ್ತು. ಜಗತ್ತಿನಲ್ಲಿ ಬೇರೆ ಎಲ್ಲಿಯೂ ಅವಳ ದನಿ ಉಳಿದಿರಲಿಲ್ಲ.

ಈ ತಾಯಿಮಗಳ ಮುಂದಿದ್ದ ಕಷ್ಟವು ಯಂತ್ರಯುಗದ ಹೊಸ ಕಷ್ಟವೆಂದು ತೋರಬಹುದು. ಆದರೆ ಅದು ಸಾವಿರ ವರ್ಷಗಳಷ್ಟು ಹಳೆಯದು. ಮನುಷ್ಯನು ತನ್ನ ಮಾತನ್ನು ಯಾವ ವಸ್ತುವಿನ ಮೇಲೆ ಬರೆದಿಟ್ಟರೂ ಆ ವಸ್ತುವು ಒಂದು ದಿನ ಹಾಳಾಗುತ್ತದೆ. ಹಾಳಾಗುವ ಮೊದಲು ಅದನ್ನು ಇನ್ನೊಂದು ವಸ್ತುವಿಗೆ ಇಳಿಸಿದರೆ ಮಾತ್ರ ಮಾತು ಬದುಕುತ್ತದೆ. ಹೀಗೆ ಇಳಿಸುವ ಕೆಲಸಕ್ಕೆ ನಮ್ಮ ಹಿರಿಯರು ‘ಪ್ರತಿ ಮಾಡುವುದು’ ಎಂದು ಹೆಸರಿಟ್ಟಿದ್ದರು.

ಮುದ್ರಣಯಂತ್ರವು ಬರುವುದಕ್ಕೆ ಮೊದಲು ಕನ್ನಡದ ಕಾವ್ಯಗಳು ಓಲೆಗರಿಗಳ ಮೇಲೆ ಇದ್ದವು. ಹದಮಾಡಿದ ತಾಳೆಯ ಗರಿಯ ಮೇಲೆ ಕಂಠವೆಂಬ ಕಬ್ಬಿಣದ ಲೇಖನಿಯಿಂದ ಅಕ್ಷರಗಳನ್ನು ಕೊರೆದು, ಮೇಲೆ ಕಾಡಿಗೆಯನ್ನು ಸವರಿ ಒರೆಸಿದರೆ ಬರಹವು ಕಪ್ಪಾಗಿ ಎದ್ದು ಕಾಣುತ್ತಿತ್ತು. ಆದರೆ ಗರಿಗೆ ಶತ್ರುಗಳು ಹಲವು. ತೇವ, ಗೆದ್ದಲು, ಹುಳು, ಬೆಂಕಿ, ಎಲ್ಲಕ್ಕಿಂತ ಹೆಚ್ಚಾಗಿ ಅಲಕ್ಷ್ಯ. ಆದಕಾರಣ ಹಳೆಯ ಕಟ್ಟು ಶಿಥಿಲವಾಗುತ್ತಿದ್ದಂತೆ ಲಿಪಿಕಾರನು ಅದನ್ನು ಎದುರಿಗಿಟ್ಟುಕೊಂಡು ಹೊಸ ಗರಿಗಳ ಮೇಲೆ ಅಕ್ಷರ ಅಕ್ಷರವಾಗಿ ಇಳಿಸುತ್ತಿದ್ದನು. ಇಂದು ನಾವು ಓದುವ ಹಳಗನ್ನಡ ಕಾವ್ಯಗಳಲ್ಲಿ ಕವಿಯ ಸ್ವಹಸ್ತದ ಬರಹವು ಉಳಿದು ಬಂದಿಲ್ಲ. ಪ್ರತಿಯ ಪ್ರತಿಯ ಪ್ರತಿಗಳಿಂದಲೇ ಅವು ನಮ್ಮನ್ನು ತಲುಪಿವೆ.

ಪ್ರತಿ ಮಾಡಿಸುವುದನ್ನು ನಮ್ಮ ನಾಡು ದಾನವೆಂದೇ ಗೌರವಿಸಿತು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಎನಿಸಿದ ಅತ್ತಿಮಬ್ಬೆಯು ಕವಿ ಪೊನ್ನನ ಶಾಂತಿಪುರಾಣವನ್ನು 1000 ಪ್ರತಿಗಳಾಗಿ ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಒಂದೊಂದು ಅಕ್ಷರವನ್ನೂ ಕೈಯಿಂದ ಕೊರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ಕೈಗಳ, ಎಷ್ಟು ದಿನಗಳ ದುಡಿಮೆ! ಒಂದು ಕಟ್ಟು ಬೆಂಕಿಗೆ ಆಹುತಿಯಾದರೆ ಇನ್ನೊಂದು ಉಳಿಯಲಿ, ಒಂದು ಊರು ಹಾಳಾದರೆ ಮತ್ತೊಂದು ಊರಿನಲ್ಲಿ ಕಾವ್ಯವು ಬದುಕಲಿ ಎಂಬ ದೂರದೃಷ್ಟಿಯು ಆ ದಾನದ ಒಳಗೆ ಇದ್ದಿತು.

ಬೀದರ ಜಿಲ್ಲೆಯ ನೆಲವೇ ಈ ಸತ್ಯಕ್ಕೆ ಎರಡು ಸಾಕ್ಷಿಗಳನ್ನು ಒದಗಿಸುತ್ತದೆ. ಒಂದು ನಷ್ಟದ ಸಾಕ್ಷಿ, ಇನ್ನೊಂದು ಉಳಿವಿನ ಸಾಕ್ಷಿ. ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗವಾನನು ಬೀದರ ನಗರದಲ್ಲಿ ಕಟ್ಟಿಸಿದ ಮದರಸಾ 1472ರಲ್ಲಿ ಪೂರ್ಣಗೊಂಡಿತು. ಅಲ್ಲಿದ್ದ ಗ್ರಂಥಾಲಯದಲ್ಲಿ 3000 ಹಸ್ತಪ್ರತಿಗಳಿದ್ದವೆಂದು ಇತಿಹಾಸಕಾರರು ಹೇಳುತ್ತಾರೆ. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಸಿಡಿಮದ್ದಿನ ಸ್ಫೋಟಕ್ಕೆ ಸಿಕ್ಕು ಆ ಭವ್ಯ ಕಟ್ಟಡದ ಒಂದು ಭಾಗವು ಕುಸಿಯಿತು. ಇಂದು ಉಳಿದ ಮಿನಾರನ್ನೂ ಗೋಡೆಯ ಮೇಲಿನ ಬಣ್ಣದ ಹೆಂಚುಗಳನ್ನೂ ಪ್ರವಾಸಿಗರು ನೋಡಬಹುದು. ಆ ಗ್ರಂಥಭಂಡಾರವನ್ನು ನೋಡಲಾಗದು.

ಇನ್ನೊಂದು ಸಾಕ್ಷಿ ಕಲ್ಯಾಣದ್ದು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರೂ ಅವರ ಸಂಗಡದ ಶರಣಶರಣೆಯರೂ ನುಡಿದ ವಚನಗಳು ಕಲ್ಯಾಣದ ಕ್ಷೋಭೆಯ ಕಾಲದಲ್ಲಿ ನಾಶವಾಗಬಹುದಾಗಿತ್ತು. ಚೆನ್ನಬಸವಣ್ಣನವರ ನೇತೃತ್ವದಲ್ಲಿ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನತ್ತ ನಡೆದರೆಂದು ಪರಂಪರೆಯು ನಂಬುತ್ತದೆ. ಹೊತ್ತು ಸಾಗಿಸಿದವರ ಋಣ ಎಷ್ಟೋ, ಆಮೇಲಿನ ಶತಮಾನಗಳಲ್ಲಿ ಮಠಮನೆಗಳಲ್ಲಿ ಕುಳಿತು ಅವನ್ನು ಮತ್ತೆ ಮತ್ತೆ ಇಳಿಸಿಕೊಂಡ ಹೆಸರಿಲ್ಲದ ಲಿಪಿಕಾರರ ಋಣವೂ ಅಷ್ಟೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಜಯಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು (1880-1964) ಮನೆಮನೆಗಳಲ್ಲಿ ಪೂಜೆಗೊಳ್ಳುತ್ತ ಓದುವವರಿಲ್ಲದೆ ಇದ್ದ ಆ ಕಟ್ಟುಗಳನ್ನು ಹುಡುಕಿದರು, ಬೇಡಿ ತಂದರು, ಪ್ರತಿ ಮಾಡಿದರು, ಒಂದನ್ನು ಇನ್ನೊಂದರೊಡನೆ ಹೋಲಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಅಚ್ಚಾಯಿತು. 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನೂ 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಅವರು ಆರಂಭಿಸಿದರು. ಮುಂದೆ 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಗರಿಯಿಂದ ಗರಿಗೆ, ಗರಿಯಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿಗೆ ನಡೆದ ಈ ಪಯಣದಲ್ಲಿ ಒಂದು ಕೊಂಡಿ ಕಳಚಿದ್ದರೂ ಶಾಲೆಯ ಮಕ್ಕಳ ಬಾಯಲ್ಲಿ ಇಂದು ಆ ವಚನಗಳು ಇರುತ್ತಿರಲಿಲ್ಲ.

ಲಿಪಿಕಾರನಿಗೆ ಒಂದು ಧರ್ಮವಿತ್ತು. ಮೂಲದಲ್ಲಿ ಇದ್ದುದನ್ನು ಬಿಡಬಾರದು, ಇಲ್ಲದ್ದನ್ನು ಸೇರಿಸಬಾರದು. ಆದರೂ ಕೈ ತಪ್ಪುವುದು ಸಹಜ. ಒಂದು ಸಾಲನ್ನು ಬಿಟ್ಟು ಕೆಳಗಿನ ಸಾಲಿಗೆ ಕಣ್ಣು ಜಾರುವುದು, ಒಂದಕ್ಷರವನ್ನು ಇನ್ನೊಂದಾಗಿ ಓದಿಕೊಳ್ಳುವುದು, ತಿಳಿಯದ ಪದಕ್ಕೆ ತಿಳಿದ ಪದವನ್ನು ಹಾಕುವುದು ನಡೆದೇ ಇತ್ತು. ಪಾಠಾಂತರಗಳು ಹುಟ್ಟುವುದು ಹೀಗೆಯೇ. ಆದುದರಿಂದಲೇ ಪ್ರತಿಯ ಕೊನೆಯಲ್ಲಿ ಲಿಪಿಕಾರನು ತಪ್ಪಿದ್ದರೆ ತಿದ್ದಿ ಓದಬೇಕೆಂದು ಬೇಡಿಕೊಳ್ಳುವ ಸಂಪ್ರದಾಯವು ಬೆಳೆಯಿತು. ನಿಷ್ಠೆ ಮತ್ತು ವಿನಯ, ಇವೆರಡೂ ಸೇರಿದ್ದೇ ಪ್ರತಿ ಮಾಡುವವನ ಧರ್ಮ.

ಕಾಲವು ಬದಲಾಯಿತು. ಶಬ್ದವನ್ನೂ ಚಿತ್ರವನ್ನೂ ಹಿಡಿದಿಡುವ ಯಂತ್ರಗಳು ಮನೆಗೆ ಬಂದವು. ಮೊದಲು ಬಂದುದು ಟೇಪಿನ ಕ್ಯಾಸೆಟ್ಟು. ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಇಳಿಸಿದಾಗಲೆಲ್ಲ ಗೊರಗೊರ ಶಬ್ದವು ಸ್ವಲ್ಪ ಹೆಚ್ಚುತ್ತಿತ್ತು. ಚಿತ್ರವು ಸ್ವಲ್ಪ ಮಸುಕಾಗುತ್ತಿತ್ತು. ನಾಲ್ಕನೆಯ ಐದನೆಯ ಪ್ರತಿಯ ಹೊತ್ತಿಗೆ ಮುಖಗಳು ಗುರುತು ಸಿಗದಂತಾಗುತ್ತಿದ್ದವು. ಯಂತ್ರವೂ ಹೀಗೆ ಪಾಠಾಂತರವನ್ನು ಮಾಡುತ್ತಿತ್ತು.

ಈ ಕೊರತೆಯನ್ನು ನೀಗಿದ್ದು ಅಂಕಿಗಳಲ್ಲಿ ಬರೆಯುವ ವಿಧಾನ. ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಕೂಡಿ ರೂಪಿಸಿದ ಸಿ.ಡಿ. 1982ರಲ್ಲಿ ಮಾರುಕಟ್ಟೆಗೆ ಬಂದಿತು. 1993ರಲ್ಲಿ ಅದರ ಮೇಲೆ ಚಲಚ್ಚಿತ್ರವನ್ನೂ ತುಂಬುವ ವಿ.ಸಿ.ಡಿ.ಯ ನಿಯಮಗಳು ನಿರ್ಧಾರವಾದವು. 1996ರಲ್ಲಿ ಜಪಾನಿನಲ್ಲಿ ಡಿ.ವಿ.ಡಿ. ಕಾಣಿಸಿಕೊಂಡಿತು. ಮೂರರ ಹೊರಗಿನ ರೂಪವೂ ಒಂದೇ: 12 ಸೆಂಟಿಮೀಟರು ಅಗಲ, 1.2 ಮಿಲಿಮೀಟರು ದಪ್ಪ. ಆದರೆ ಒಳಗಿನ ಹಿಡಿತ ಬೇರೆ. ವಿ.ಸಿ.ಡಿ.ಯಲ್ಲಿ ಸುಮಾರು 74 ನಿಮಿಷಗಳ ಚಿತ್ರ ಹಿಡಿಯುತ್ತದೆ. ಅದಕ್ಕಾಗಿಯೇ ಒಂದು ಸಿನಿಮಾ ಎರಡು ಮೂರು ತಟ್ಟೆಗಳಲ್ಲಿ ಬರುತ್ತಿತ್ತು. ಒಂದು ಪದರದ ಡಿ.ವಿ.ಡಿ.ಯಲ್ಲಿ 4.7 ಗಿಗಾಬೈಟಿನಷ್ಟು ಮಾಹಿತಿ ಹಿಡಿಯುವುದರಿಂದ ಇಡೀ ಸಿನಿಮಾ ಒಂದರಲ್ಲಿಯೇ ಕೂಡುತ್ತದೆ.

ತಟ್ಟೆಯೊಳಗಿನ ಬರಹವನ್ನು ಅರಿತರೆ ಅದು ಓಲೆಗರಿಯ ನಂಟನೆಂದು ತಿಳಿಯುತ್ತದೆ. ತಟ್ಟೆಯ ನಡುವಿನಿಂದ ಹೊರ ಅಂಚಿನವರೆಗೆ ಒಂದೇ ಗೆರೆಯು ಸುರುಳಿಯಾಗಿ ಸುತ್ತಿಕೊಂಡಿದೆ. ಸಿ.ಡಿ.ಯ ಸುರುಳಿಯನ್ನು ಬಿಚ್ಚಿ ನೇರವಾಗಿ ಚಾಚಿದರೆ ಅದು 5 ಕಿಲೋಮೀಟರಿಗಿಂತ ಉದ್ದವಾಗುತ್ತದೆ. ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ನಡುವಣ ಅಂತರವು ಸಿ.ಡಿ.ಯಲ್ಲಿ ಮಿಲಿಮೀಟರಿನ ಸಾವಿರದ ಒಂದು ಭಾಗದ 1.6ರಷ್ಟು, ಡಿ.ವಿ.ಡಿ.ಯಲ್ಲಿ 0.74ರಷ್ಟು ಮಾತ್ರ. ಕಂಪನಿಯಿಂದ ಬರುವ ತಟ್ಟೆಗಳಲ್ಲಿ ಈ ಗೆರೆಯ ಉದ್ದಕ್ಕೂ ಸೂಕ್ಷ್ಮವಾದ ತಗ್ಗುಗಳನ್ನು ಅಚ್ಚೊತ್ತಿರುತ್ತಾರೆ. ಲೇಸರ್ ಕಿರಣವು ಗೆರೆಯ ಮೇಲೆ ಹರಿದಾಗ ತಗ್ಗಿನ ಅಂಚು ಬಂದಲ್ಲಿ ಹಿಂತಿರುಗುವ ಬೆಳಕು ಬದಲಾಗುತ್ತದೆ. ಆ ಬದಲಾವಣೆಯೇ ಒಂದು. ಬದಲಾವಣೆ ಇಲ್ಲದ ಜಾಗವೇ ಸೊನ್ನೆ. ಒಂದು ಮತ್ತು ಸೊನ್ನೆಗಳ ಈ ಸಾಲೇ ಮತ್ತೆ ಹಾಡಾಗಿ ಚಿತ್ರವಾಗಿ ಅರಳುತ್ತದೆ.

ಮನೆಯ ಕಂಪ್ಯೂಟರಿಗೆ ತಗ್ಗುಗಳನ್ನು ಅಚ್ಚೊತ್ತುವ ಶಕ್ತಿಯಿಲ್ಲ. ಆದುದರಿಂದ ಅಂಗಡಿಯಲ್ಲಿ ಸಿಗುವ ಖಾಲಿ ತಟ್ಟೆಯಲ್ಲಿ ಬಣ್ಣದ ಒಂದು ತೆಳುಪದರವನ್ನು ಸವರಿರುತ್ತಾರೆ. ರೈಟರ್ ಎಂದು ಜನರು ಕರೆಯುವ ಯಂತ್ರಭಾಗದ ಲೇಸರ್ ಕಿರಣವು ಆ ಬಣ್ಣವನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡುತ್ತದೆ. ಸುಟ್ಟ ಗುರುತು ಬೆಳಕನ್ನು ಕಡಿಮೆ ಹಿಂತಿರುಗಿಸುವುದರಿಂದ ಓದುವ ಯಂತ್ರಕ್ಕೆ ಅದು ತಗ್ಗಿನಂತೆಯೇ ಕಾಣುತ್ತದೆ. ‘ಸಿ.ಡಿ. ಬರ್ನ್ ಮಾಡುವುದು’ ಎಂಬ ಮಾತು ಹುಟ್ಟಿದ್ದು ಇದರಿಂದಲೇ. ಕಂಠದ ಬದಲು ಕಿರಣ, ಗರಿಯ ಬದಲು ಬಣ್ಣದ ಪದರ; ಕೆಲಸ ಮಾತ್ರ ಹಳೆಯದೇ.

ಮನೆಯಲ್ಲಿ ತಟ್ಟೆಯ ಪ್ರತಿ ಮಾಡುವ ಕ್ರಮವು ಕಠಿಣವಲ್ಲ. ಆದರೆ ತಾಳ್ಮೆಯನ್ನು ಬೇಡುತ್ತದೆ. ಮೊದಲು ಮೂಲ ತಟ್ಟೆಯನ್ನು ಮೆತ್ತನೆಯ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರಸಬೇಕು. ಸುತ್ತಲೂ ತಿರುಗಿಸಿ ಒರಸಿದರೆ ಬೀಳುವ ಗೀರು ಸುರುಳಿಯ ಗೆರೆಯ ಜೊತೆಜೊತೆಗೇ ಸಾಗಿ ಹೆಚ್ಚು ಹಾನಿ ಮಾಡುತ್ತದೆ. ಬಳಿಕ ತಟ್ಟೆಯನ್ನು ಕಂಪ್ಯೂಟರಿಗೆ ಹಾಕಿ ಅದರಲ್ಲಿರುವ ಎಲ್ಲವನ್ನೂ ಇದ್ದದ್ದು ಇದ್ದಂತೆ ಒಂದೇ ಕಡತವಾಗಿ ತೆಗೆದುಕೊಳ್ಳಬೇಕು. ಈ ಕಡತವನ್ನು ತಟ್ಟೆಯ ಪಡಿಯಚ್ಚು ಎನ್ನಬಹುದು. ಅನಂತರ ಖಾಲಿ ತಟ್ಟೆಯನ್ನು ಹಾಕಿ ಪಡಿಯಚ್ಚನ್ನು ಅದರ ಮೇಲೆ ಇಳಿಸಬೇಕು. ಮೂಲ ವೇಗದಲ್ಲಿ ಒಂದು ಡಿ.ವಿ.ಡಿ. ತುಂಬಲು ಸುಮಾರು ಒಂದು ಗಂಟೆ ಬೇಕು; ಹದಿನಾರು ಪಟ್ಟು ವೇಗದಲ್ಲಿ ಐದಾರು ನಿಮಿಷ ಸಾಕು. ಬರೆಯುವ ಕೆಲಸ ನಡೆದಿರುವಾಗ ಮಾಹಿತಿಯ ಹರಿವು ಕಡಿದು ತಟ್ಟೆ ಕೆಡುವುದು ಮೊದಮೊದಲ ರೈಟರುಗಳ ದೊಡ್ಡ ದೋಷವಾಗಿತ್ತು. 2000ದ ಸುಮಾರಿಗೆ ಬಂದ ಹೊಸ ಏರ್ಪಾಟಿನಿಂದ ಯಂತ್ರವು ನಿಂತ ಜಾಗದಿಂದಲೇ ಮತ್ತೆ ಬರೆಯಲು ಕಲಿಯಿತು. ಬರೆದು ಮುಗಿದ ಮೇಲೆ ಮೂಲದೊಡನೆ ಪ್ರತಿಯನ್ನು ಹೋಲಿಸಿ ನೋಡಲೇಬೇಕು. ಹಳಕಟ್ಟಿಯವರು ಕಟ್ಟುಗಳನ್ನು ಹೋಲಿಸಿದಂತೆ ಇಲ್ಲಿ ಕಂಪ್ಯೂಟರೇ ಹೋಲಿಸುತ್ತದೆ. ಹೋಲಿಸೆಂದು ಹೇಳುವ ವ್ಯವಧಾನ ಮಾತ್ರ ಮನುಷ್ಯನಿಗೆ ಇರಬೇಕು. ಕೊನೆಗೆ ತಟ್ಟೆಯ ಬೆನ್ನಿನ ಮೇಲೆ ಮೆತ್ತನೆಯ ಮಾರ್ಕರಿನಿಂದ ಹೆಸರು, ದಿನ, ಊರು ಬರೆಯಬೇಕು. ಸಿ.ಡಿ.ಯಲ್ಲಿ ಬರಹದ ಪದರವು ಬೆನ್ನಿನ ಕಡೆಗೇ ಹತ್ತಿರವಾಗಿರುವುದರಿಂದ ಬಾಲ್‌ಪೆನ್ನಿನ ಚೂಪು ಮೊನೆಯು ಅದನ್ನೇ ಗೀರಿಬಿಡಬಹುದು.

ಗೀರು ಬಿದ್ದ ತಟ್ಟೆಯೂ ಎಷ್ಟೋ ಸಲ ಓಡುವುದುಂಟು. ಇದಕ್ಕೆ ಕಾರಣ ಗಣಿತ. ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲೊಮನ್ ಎಂಬ ಇಬ್ಬರು ವಿದ್ವಾಂಸರು 1960ರಲ್ಲಿ ಪ್ರಕಟಿಸಿದ ಒಂದು ವಿಧಾನವು ತಟ್ಟೆಯೊಳಗೆ ಕೆಲಸ ಮಾಡುತ್ತಿದೆ. ಮೂಲ ಅಂಕಿಗಳ ಜೊತೆಗೆ ಅವುಗಳಿಂದಲೇ ಲೆಕ್ಕಹಾಕಿದ ಕೆಲವು ಹೆಚ್ಚಿನ ಅಂಕಿಗಳನ್ನು ಬರೆದಿರುತ್ತಾರೆ. ನೆರೆಹೊರೆಯ ಅಂಕಿಗಳನ್ನು ದೂರ ದೂರ ಚದರಿಸಿರುತ್ತಾರೆ. ಒಂದು ಜಾಗ ಗೀರಿಹೋದರೂ ಉಳಿದ ಅಂಕಿಗಳ ಲೆಕ್ಕದಿಂದ ಕಳೆದದ್ದನ್ನು ಕಂಡುಹಿಡಿಯಬಹುದು. ಸಿ.ಡಿ.ಯ ಮೇಲೆ ಸುಮಾರು 2.5 ಮಿಲಿಮೀಟರು ಉದ್ದದ ತಡೆಯನ್ನು ಈ ಲೆಕ್ಕವು ಸಂಪೂರ್ಣವಾಗಿ ದಾಟಬಲ್ಲದು. ತಪ್ಪಿದ್ದರೆ ತಿದ್ದಿ ಓದಿರಿ ಎಂದು ಲಿಪಿಕಾರನು ಓದುಗನನ್ನು ಬೇಡುತ್ತಿದ್ದನು. ಇಲ್ಲಿ ತಿದ್ದುವ ಉಪಾಯವನ್ನೇ ಬರಹದೊಡನೆ ಕಟ್ಟಿ ಕೊಟ್ಟಿದ್ದಾರೆ. ಆದರೆ ಲೆಕ್ಕಕ್ಕೂ ಒಂದು ಮಿತಿಯಿದೆ. ಅದರಲ್ಲಿಯೂ ವಿ.ಸಿ.ಡಿ.ಯಲ್ಲಿ ಚಿತ್ರಕ್ಕೆ ಹೆಚ್ಚು ಜಾಗ ಸಿಗಲೆಂದು ತಿದ್ದುವ ಏರ್ಪಾಟಿನ ಒಂದು ಪದರವನ್ನು ಬಿಟ್ಟಿರುವುದರಿಂದ ಅದು ಬೇಗ ಸೋಲುತ್ತದೆ.

ಇಷ್ಟು ಸುಲಭವಾಗಿ ಪ್ರತಿ ಮಾಡುವ ಶಕ್ತಿಯು ಮನೆಮನೆಗೆ ಬಂದಾಗ ಜನರು ಮಾಡಿದ್ದೇನು? ಹೊಸ ಸಿನಿಮಾಗಳ ಪ್ರತಿಗಳನ್ನು ಮಾಡಿದರು. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಜಾತ್ರೆಯ ಸಾಲಂಗಡಿಗಳಲ್ಲಿ ಹೆಸರು ವಿಳಾಸಗಳಿಲ್ಲದ ತಟ್ಟೆಗಳು ಅಗ್ಗದ ಬೆಲೆಗೆ ಮಾರಾಟವಾದವು. ಅತ್ತಿಮಬ್ಬೆಯೂ ಸಾವಿರ ಪ್ರತಿ ಮಾಡಿಸಿದಳು, ಇವರೂ ಸಾವಿರ ಪ್ರತಿ ಮಾಡಿದರು. ಹಾಗಾದರೆ ಇಬ್ಬರೂ ಸಮಾನರೇ ಎಂದು ಯಾರಾದರೂ ಕೇಳಬಹುದು. ಸಮಾನರಲ್ಲ. ಪೊನ್ನನ ಕವಿತೆಗೆ ಆಶ್ರಯವನ್ನು ಕೊಟ್ಟದ್ದೇ ಅತ್ತಿಮಬ್ಬೆಯ ತವರುಮನೆ. ಆಕೆಯು ತನ್ನ ಧನವನ್ನು ವ್ಯಯಮಾಡಿ ಕವಿಯ ಹೆಸರನ್ನು ನಾಡಿನಲ್ಲಿ ನೆಲೆಗೊಳಿಸಿದಳು. ಕದ್ದು ಮಾರಿದವರು ಕತೆಗಾರ, ಹಾಡುಗಾರ, ನಟ, ದೀಪ ಹಿಡಿಯುವ ಕೂಲಿಗಾರ, ಇವರೆಲ್ಲರ ದುಡಿಮೆಯ ಫಲವನ್ನು ತಮ್ಮ ಕಿಸೆಗೆ ತುಂಬಿಕೊಂಡರು.

ಈ ಭೇದವನ್ನೇ ಕಾನೂನು ಕೂಡ ಗುರುತಿಸುತ್ತದೆ. ಭಾರತದ ಕೃತಿಸ್ವಾಮ್ಯ ಅಧಿನಿಯಮವು 1957ರದು. ಅದರಂತೆ ಸಿನಿಮಾದ ಹಕ್ಕು ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷಗಳ ಕಾಲ ಒಡೆಯನಲ್ಲಿ ಇರುತ್ತದೆ. ತಿಳಿದೂ ತಿಳಿದೂ ಆ ಹಕ್ಕನ್ನು ಮೀರಿದವನಿಗೆ 6 ತಿಂಗಳಿನಿಂದ 3 ವರ್ಷಗಳವರೆಗೆ ಸೆರೆವಾಸ, 50,000 ರೂಪಾಯಿಗಳಿಂದ 2 ಲಕ್ಷದವರೆಗೆ ದಂಡ ವಿಧಿಸಬಹುದು. 2012ರ ತಿದ್ದುಪಡಿಯು ಸ್ವಂತ ಬಳಕೆಗೆ ನ್ಯಾಯವಾದ ಮಿತಿಯಲ್ಲಿ ಕೃತಿಯನ್ನು ಉಪಯೋಗಿಸಲು ಎಡೆಕೊಟ್ಟಿತು. ಅದರ ಜೊತೆಗೇ, ಹಕ್ಕನ್ನು ಮೀರುವ ಉದ್ದೇಶದಿಂದ ತಟ್ಟೆಯ ಗುಪ್ತಬೀಗವನ್ನು ಒಡೆಯುವುದನ್ನು ಅಪರಾಧವೆಂದು ಸಾರಿತು. ವಿಡಿಯೊ ಮತ್ತು ಆಡಿಯೊಗಳನ್ನು ಕದ್ದು ಮಾರುವವರನ್ನು ಕರ್ನಾಟಕವು 2014ರಲ್ಲಿ ಗೂಂಡಾ ಕಾಯ್ದೆಯ ವ್ಯಾಪ್ತಿಗೂ ತಂದಿತು. ಆದರೆ ಹಣ ಕೊಟ್ಟು ತೆಗೆಸಿಕೊಂಡ ಲಗ್ನದ ವಿಡಿಯೊದ ಮಾತು ಬೇರೆ. ಬೇರೆ ಕರಾರು ಇಲ್ಲದಿದ್ದರೆ ಅದರ ಹಕ್ಕು ತೆಗೆಸಿದ ಮನೆಯವರದೇ. ಅದನ್ನು ಪ್ರತಿ ಮಾಡಲು ಅವರು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ.

ಇಲ್ಲಿಯೇ ಒಂದು ವಿಪರ್ಯಾಸವು ಎದ್ದು ಕಾಣುತ್ತದೆ. ಸಿನಿಮಾದ ಮೂಲವು ನಿರ್ಮಾಪಕನ ಬಳಿ ಇರುತ್ತದೆ. ಅಂಗಡಿಗಳಲ್ಲಿ ಸಾವಿರ ತಟ್ಟೆಗಳಿರುತ್ತವೆ. ಅದನ್ನು ಮನೆಯಲ್ಲಿ ಪ್ರತಿ ಮಾಡದಿದ್ದರೆ ಲೋಕಕ್ಕೆ ನಷ್ಟವೇನೂ ಇಲ್ಲ. ಆಯಿಯ ಸೋಬಾನೆ ಪದ, ಬೀದರ ಸೀಮೆಯ ಹೆಣ್ಣುಮಕ್ಕಳ ಬುಲಾಯಿ ಪದ, ಮೊಹರಮ್ಮಿನ ಹಾಡು, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ ಯಾರೋ ನೆಂಟರು ಹಿಡಿದ ನಾಲ್ಕು ನಿಮಿಷಗಳ ಚಿತ್ರ, ಇವುಗಳಿಗೆ ಮೂಲವೆಂದರೂ ಪ್ರತಿಯೆಂದರೂ ಆ ಒಂದೇ ತಟ್ಟೆ. ಪ್ರತಿ ಮಾಡಬಾರದುದನ್ನು ಸಾವಿರ ಸಲ ಪ್ರತಿ ಮಾಡಿದ ಯಂತ್ರವು, ಪ್ರತಿ ಮಾಡಲೇಬೇಕಾದುದನ್ನು ಒಂದು ಸಲವೂ ಮಾಡದೆ ಮೂಲೆಗೆ ಸೇರಿತು.

ಕಾಲವು ಈಗ ಹೆಚ್ಚು ಉಳಿದಿಲ್ಲ. ಬಣ್ಣದ ಪದರವು ಬಿಸಿಲು ಮತ್ತು ಸೆಕೆಗಳಿಗೆ ಮಾಸುತ್ತದೆ. ತೇವಕ್ಕೆ ತಟ್ಟೆಯ ಹೊಳಪಿನ ಲೋಹವೂ ಕೆಡುತ್ತದೆ. ತಟ್ಟೆಯು ಚೆನ್ನಾಗಿದ್ದರೂ ಅದನ್ನು ಓದುವ ಯಂತ್ರವೇ ಕಣ್ಮರೆಯಾಗುತ್ತಿದೆ. ಇಂದಿನ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ತಟ್ಟೆ ಹಾಕುವ ಜಾಗವೇ ಇಲ್ಲ. ಹೊರಗಿನಿಂದ ಜೋಡಿಸುವ ಡ್ರೈವನ್ನು ಹುಡುಕಿ ತರಬೇಕು. ಆದಕಾರಣ ತಟ್ಟೆಯಿಂದ ತಟ್ಟೆಗೆ ಇಳಿಸಿದರೆ ಸಾಲದು. ಪಡಿಯಚ್ಚನ್ನು ಹಾರ್ಡ್ ಡಿಸ್ಕಿನಲ್ಲಿಯೂ ಪೆನ್‌ಡ್ರೈವಿನಲ್ಲಿಯೂ ಇಡಬೇಕು. ಒಂದನ್ನು ಮನೆಯಲ್ಲಿ, ಇನ್ನೊಂದನ್ನು ಬೇರೆ ಊರಿನ ನೆಂಟರ ಮನೆಯಲ್ಲಿ ಇಡಬೇಕು. ಕೆಲವು ವರ್ಷಗಳಿಗೊಮ್ಮೆ ತೆರೆದು ನೋಡಿ ಹೊಸದಕ್ಕೆ ಇಳಿಸಬೇಕು. ಶಾಶ್ವತವಾದ ವಸ್ತು ಯಾವುದೂ ಇಲ್ಲ. ಶಾಶ್ವತವಾಗಬಲ್ಲದ್ದು ಇಳಿಸುವ ಅಭ್ಯಾಸ ಒಂದೇ.

ಮನ್ನಾಏಖೇಳ್ಳಿಯ ಆ ಮನೆಗೆ ಮತ್ತೆ ಬರೋಣ. ಹುಡುಗಿಯು ತಟ್ಟೆಯನ್ನು ಒರಸಿದಳು. ಒಂದು ಯಂತ್ರವು ಓದದ ತಟ್ಟೆಯನ್ನು ಇನ್ನೊಂದು ಓದುವುದುಂಟೆಂದು ಶಾಲೆಯ ಶಿಕ್ಷಕರಿಂದ ತಿಳಿದು, ಪರಿಚಯದವರ ಹಳೆಯ ಕಂಪ್ಯೂಟರಿನಲ್ಲಿ ಅದನ್ನು ಹಾಕಿದಳು. ಅತಿ ಕಡಿಮೆ ವೇಗದಲ್ಲಿ ಓದಲು ಬಿಟ್ಟು ಸಂಜೆಯವರೆಗೆ ಕಾದಳು. ಯಂತ್ರವು ತಡೆದು ತಡೆದು, ಒಂದೊಂದು ಜಾಗವನ್ನು ಹತ್ತು ಸಲ ಓದಿ, ಕೊನೆಗೆ ಕಡತವನ್ನು ಕೊಟ್ಟಿತು. ಆಯಿಯು ಪರದೆಯ ಮೇಲೆ ಬಂದಳು; ಸೆರಗಿಗೆ ಕೈ ಒರಸಿಕೊಂಡಳು; ಹಾಡಿದಳು. ಐದು ನುಡಿಗಳಲ್ಲಿ ನಾಲ್ಕು ಉಳಿದಿದ್ದವು. ಐದನೆಯ ನುಡಿಯ ಜಾಗದಲ್ಲಿ ಚಿತ್ರವು ಒಡೆದು ದನಿಯು ಕಡಿದುಹೋಗಿತ್ತು.

ತಾಯಿಯು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ತನ್ನ ಅಕ್ಕನನ್ನು ಕರೆಸಿದಳು. ಅಕ್ಕನಿಗೆ ಐದನೆಯ ನುಡಿಯು ನೆನಪಿನಲ್ಲಿ ಇತ್ತು. ಆಕೆ ಹೇಳಿದಂತೆ ಹುಡುಗಿಯು ಅದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡಳು. ನಾಲ್ಕು ನುಡಿಗಳನ್ನು ಪ್ರತ್ಯೇಕವಾಗಿ ಬರೆದು, ‘ಇವು ತಟ್ಟೆಯಲ್ಲಿ ಇರುವಂತೆ’ ಎಂದು ಗುರುತು ಹಾಕಿದಳು. ಐದನೆಯದರ ಕೆಳಗೆ, ‘ಇದು ತಟ್ಟೆಯಲ್ಲಿ ಇಲ್ಲ, ದೊಡ್ಡವ್ವನ ನೆನಪಿನಿಂದ ಬರೆದದ್ದು, ತಪ್ಪಿದ್ದರೆ ಬಲ್ಲವರು ತಿದ್ದಬೇಕು’ ಎಂದು ಬರೆದಳು. ಹೀಗೆ ಬರೆಯಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ರಾತ್ರಿ ಮೂರು ಪ್ರತಿಗಳಾದವು. ಒಂದು ಮನೆಯಲ್ಲಿ ಉಳಿಯಿತು; ಒಂದು ದೊಡ್ಡವ್ವನ ಸಂಗಡ ಹುಮನಾಬಾದಿಗೆ ಹೋಯಿತು; ಇನ್ನೊಂದು ಹೈದರಾಬಾದಿನಲ್ಲಿ ದುಡಿಯುತ್ತಿದ್ದ ಸೋದರಮಾವನಿಗೆ ತಲುಪಿತು.

ಕಲ್ಯಾಣದ ಕಟ್ಟುಗಳನ್ನು ಇಳಿಸಿಕೊಂಡವರ ಹೆಸರುಗಳು ನಮಗೆ ಹೆಚ್ಚಾಗಿ ತಿಳಿದಿಲ್ಲ. ಅವರ ಕೈಕೆಲಸವು ಮಾತ್ರ ಉಳಿದಿದೆ. ಕೈಯಲ್ಲಿ ಇರುವುದು ಕಂಠವಾಗಲಿ, ಕಿರಣವಾಗಲಿ, ಪರರ ದುಡಿಮೆಯನ್ನು ಕದಿಯದೆ, ಮೂಲಕ್ಕೆ ದ್ರೋಹ ಬಗೆಯದೆ, ಇಲ್ಲವಾಗಲಿರುವುದನ್ನು ಇನ್ನೊಬ್ಬರಿಗೆ ದಾಟಿಸುವ ಪ್ರತಿಯೊಂದು ಕೈಯೂ ಅವರ ಸಾಲಿಗೆ ಸೇರುತ್ತದೆ.

ಶಬ್ದಾರ್ಥ

ಅರೆ – ಕಪಾಟಿನ ಅಂತಸ್ತು
ಆಯಿ – ಅಜ್ಜಿ (ಬೀದರ ಕಡೆಯ ಮಾತು)
ಸುರಗಿ – ಮದುವೆಯಲ್ಲಿ ನಡೆಯುವ ಮಂಗಳಸ್ನಾನದ ಶಾಸ್ತ್ರ
ಕಂಠ – ಓಲೆಗರಿಯ ಮೇಲೆ ಬರೆಯುವ ಕಬ್ಬಿಣದ ಲೇಖನಿ
ಕಟ್ಟು – ಓಲೆಗರಿಗಳ ಹೊತ್ತಿಗೆ
ಲಿಪಿಕಾರ – ಪ್ರತಿ ಮಾಡುವವನು
ಕ್ಷೋಭೆ – ಕಳವಳ, ಗಲಭೆ
ಪಾಠಾಂತರ – ಒಂದೇ ಕೃತಿಯ ಬೇರೆ ಬೇರೆ ಪ್ರತಿಗಳಲ್ಲಿ ಕಾಣುವ ಮಾತಿನ ವ್ಯತ್ಯಾಸ
ಪಡಿಯಚ್ಚು – ಮೂಲದಂತೆಯೇ ಇರುವ ರೂಪ
ವ್ಯವಧಾನ – ತಾಳ್ಮೆ, ಬಿಡುವು
ಕೃತಿಸ್ವಾಮ್ಯ – ಕೃತಿಯ ಮೇಲಿನ ಒಡೆತನ
ವಿಪರ್ಯಾಸ – ತಿರುವುಮುರುವು
ನುಡಿ – ಹಾಡಿನ ಚರಣ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಅತ್ತಿಮಬ್ಬೆಯು ಯಾವ ಕೃತಿಯ ಪ್ರತಿಗಳನ್ನು ಮಾಡಿಸಿದಳು?
2. ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಯಾವ ವರ್ಷ ಅಚ್ಚಾಯಿತು?
3. ಖಾಲಿ ತಟ್ಟೆಯಲ್ಲಿ ಲೇಸರ್ ಕಿರಣವು ಏನನ್ನು ಸುಡುತ್ತದೆ?
4. ಹಣ ಕೊಟ್ಟು ತೆಗೆಸಿಕೊಂಡ ಲಗ್ನದ ವಿಡಿಯೊದ ಹಕ್ಕು ಸಾಮಾನ್ಯವಾಗಿ ಯಾರದು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಲಿಪಿಕಾರನ ಧರ್ಮವೇನು? ಅವನ ಕೈ ತಪ್ಪುತ್ತಿದ್ದ ಬಗೆಗಳು ಯಾವುವು?
2. ಬೀದರ ಜಿಲ್ಲೆಯ ನೆಲವು ಒದಗಿಸುವ ಎರಡು ಸಾಕ್ಷಿಗಳನ್ನು ವಿವರಿಸಿರಿ.
3. ಗೀರು ಬಿದ್ದ ತಟ್ಟೆಯೂ ಎಷ್ಟೋ ಸಲ ಓಡಲು ಕಾರಣವೇನು?
4. ತಟ್ಟೆಯಿಂದ ತಟ್ಟೆಗೆ ಇಳಿಸಿದರೆ ಸಾಲದು ಎಂದು ಲೇಖಕರು ಹೇಳುವುದೇಕೆ?

ಇ) ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
1. ಅತ್ತಿಮಬ್ಬೆಯ ಪ್ರತಿಗಳಿಗೂ ಸಂತೆಯಲ್ಲಿ ಮಾರಾಟವಾದ ತಟ್ಟೆಗಳಿಗೂ ಇರುವ ಭೇದವನ್ನು ಚರ್ಚಿಸಿರಿ.
2. ಹುಡುಗಿಯು ಐದನೆಯ ನುಡಿಯ ಕೆಳಗೆ ಬರೆದ ಮಾತಿನ ಮಹತ್ವವನ್ನು ಪಾಠದ ಆಧಾರದಿಂದ ವಿವರಿಸಿರಿ.

ಈ) ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ.
ಪಾಠಾಂತರ, ಮುದ್ರಣಾಲಯ, ಗ್ರಂಥಾಲಯ, ಅಲ್ಲಲ್ಲಿ, ಮನೆಯಲ್ಲಿ

ಉ) ಚಟುವಟಿಕೆ
ನಿಮ್ಮ ಮನೆಯಲ್ಲಿ ಒಂದೇ ಒಂದು ಪ್ರತಿಯಾಗಿ ಉಳಿದಿರುವ ಹಾಡು, ಪತ್ರ, ಭಾವಚಿತ್ರ ಅಥವಾ ವಿಡಿಯೊ ಯಾವುದಿದೆ ಎಂದು ಹಿರಿಯರನ್ನು ಕೇಳಿ ತಿಳಿಯಿರ‍ಿ. ಅವರ ಒಪ್ಪಿಗೆ ಪಡೆದು ಅದರ ಪ್ರತಿ ಮಾಡಿ, ಅದು ಯಾರದು, ಎಂದಿನದು, ಎಲ್ಲಿಯದು ಎಂಬುದನ್ನು ಬರೆದಿಡಿರಿ.